ಎಡಗಡೆ ಮೂಲೆಯ ಬಾಗಿಲು

ಪರದೆಯ ಎಡಗಡೆ ಕೆಳಗಿನ ಮೂಲೆಯಲ್ಲಿ ಬಾಗಿಲಿದೆ ಎಂದು ಆ ಐದು ತಿಂಗಳಲ್ಲಿ ನಾನು ಎಷ್ಟು ಸಲ ಹೇಳಿದೆನೋ ದೇವರೇ ಬಲ್ಲ. ಹೇಳುತ್ತಿದ್ದದ್ದು ಒಬ್ಬರಿಗೇ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ಕಮಲಾಪುರದಿಂದ ಬಸ್ಸು ಹಿಡಿದು ಕಲಬುರಗಿಯ ಜೇವರ್ಗಿ ಕಾಲೋನಿಯ ನನ್ನ ಕಂಪ್ಯೂಟರ್ ಕ್ಲಾಸಿಗೆ ಬಂದು, ಕಿಟಕಿ ಪಕ್ಕದ ಮಷಿನ್ನಿಗೆ ಕೂರುತ್ತಿದ್ದ ನಲವತ್ತು ದಾಟಿದ ಹೆಣ್ಣುಮಗಳು. ಕ್ಲಾಸಿನ ಹುಡುಗಿಯರು ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆದರು. ವಯಸ್ಸಿನಲ್ಲಿ ಸ್ವಲ್ಪ ಚಿಕ್ಕವಳಾದ ನಾನೂ ಹಾಗೇ ಕರೆದೆ.

ಆಪಾ ಅವರ ಗಂಡ ಕಮಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಅದೇ ಕೆಲಸ ಹೆಂಡತಿಗೆ ಸಿಕ್ಕಿತ್ತು. ಆದರೆ ಕೆಲಸ ಕಾಯಂ ಆಗಬೇಕಾದರೆ ಇಲಾಖೆಯ ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು. ಆಪಾ ಒಮ್ಮೆ ನಪಾಸಾಗಿದ್ದರು. ಇನ್ನು ಎರಡು ಅವಕಾಶ ಉಳಿದಿದ್ದವು, ಅವೂ ಹೋದರೆ ಗಂಡ ಕೂತ ಕುರ್ಚಿ ಬಿಟ್ಟು ಏಳಬೇಕು ಎಂದು ಕಚೇರಿಯಲ್ಲಿ ಬಾಯಿಬಿಟ್ಟೇ ಹೇಳಿದ್ದರು.

ಅವರು ಓದಿದ್ದು ಉರ್ದು ಮಾಧ್ಯಮದಲ್ಲಿ. ಕನ್ನಡ ಚೆನ್ನಾಗಿಯೇ ಓದುತ್ತಿದ್ದರು, ಬೆರಳಚ್ಚೂ ಬೇಗ ಕೈ ಹತ್ತಿತು. ತೊಡಕು ಇದ್ದದ್ದು ಪರದೆಯ ಇಂಗ್ಲಿಷಿನಲ್ಲಿ. ಎ, ಬಿ, ಸಿ, ಡಿ ಗೊತ್ತು, ಆದರೆ ಒಂದು ಪದ ಕೂಡಿಸಿ ಓದುವಷ್ಟರಲ್ಲಿ ಹತ್ತು ಎಣಿಸಬಹುದಿತ್ತು. ಪರೀಕ್ಷೆಗೆ ಇರುವುದು ಒಂದು ಗಂಟೆ. ಹಾಗಾಗಿ ನಾನು ಓದುವ ಗೊಡವೆಯನ್ನೇ ಬಿಟ್ಟೆ. ಜಾಗ ಕಲಿಸಿದೆ.

ಪರದೆಯನ್ನು ಒಂದು ಮನೆ ಮಾಡಿದೆ. ಕೆಳಗಿನ ಉದ್ದನೆಯ ಪಟ್ಟಿ ಹೊಸ್ತಿಲು. ಅದರ ಎಡ ತುದಿಯ ಸ್ಟಾರ್ಟ್ ಗುಂಡಿಯೇ ಬಾಗಿಲು. ಬಾಗಿಲು ಒತ್ತಿದರೆ ಒಳಗೆ ಹೋಗುತ್ತೀರಿ, ಮೇಲಿನಿಂದ ಮೂರನೆಯದು ಪತ್ರ ಬರೆಯುವ ಕೋಣೆ. ಖಾಲಿ ಪರದೆ ಪಡಸಾಲೆ. ಫೋಲ್ಡರ್ ಎಂದರೆ ಅಡಿಗೆ ಮನೆಯ ಡಬ್ಬಿ, ಬರೆದ ಪತ್ರವನ್ನು ಹೆಸರು ಹಚ್ಚಿದ ಡಬ್ಬಿಯಲ್ಲಿ ಇಡಬೇಕು. ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಉದ್ದನೆಯ ಪಟ್ಟಿ ಇಳಿಯುತ್ತದೆ. ಅದನ್ನು ಮೇಲಿನಿಂದ ಎಣಿಸಿದರೆ ಒಂದೊಂದು ಮಷಿನ್ನಿಗೆ ಒಂದೊಂದು ಥರ, ಆದ್ದರಿಂದ ಕೆಳಗಿನಿಂದ ಎಣಿಸಬೇಕು: ಎರಡನೆಯದು ಹೆಸರು ಬದಲಿಸುವುದು, ಐದನೆಯದು ನಕಲು ಮಾಡುವುದು. ಕೆಳಗಿನಿಂದ ಎಣಿಸುವ ಉಪಾಯ ನನ್ನದೇ. ಅದರ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು.

ಆಪಾ ನಮಾಜಿನ ನಂತರ ತಸ್ಬೀಹ್ ಎಣಿಸುವ ಹಾಗೆ ಎಡಗೈ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತಾ ಆ ಪಟ್ಟಿ ಎಣಿಸುತ್ತಿದ್ದರು. ತುಟಿ ಅಲ್ಲಾಡುತ್ತಿರಲಿಲ್ಲ. ಐದನೇ ಗೆಣ್ಣು ಮುಟ್ಟಿದಾಗ ಬಲಗೈ ಒತ್ತುತ್ತಿತ್ತು. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಸ್ಕೇಲ್ ಇಟ್ಟು ಆ ಮನೆಯ ನಕ್ಷೆ ಬರೆದುಕೊಂಡಿದ್ದರು. ಸುತ್ತಲೂ ಉರ್ದುವಿನಲ್ಲಿ ವಿವರ, ಬಾಗಿಲಿಗೆ ಹಸಿರು ಬಣ್ಣ.

ಒಂದು ದಿನ ಆ ನಕ್ಷೆ ತೋರಿಸಿ ಕೇಳಿದರು, "ಮೇಡಂ, ಈ ಬಾಗಲಾ ಇಲ್ಲೇ ಇರ್ತದಲ್ರೀ? ಅಲ್ಲಿ ಮಷಿನ್ ಬ್ಯಾರೆ ಇರ್ತಾವ."

"ಮಷಿನ್ ಯಾವುದರ ಇರ್ಲಿ ಆಪಾ. ನಾ ಕಲಿತಾಗಿಂದ ಅಲ್ಲೇ ಅದ. ಎಲ್ಲಿಗೂ ಹೋಗಂಗಿಲ್ಲ."

"ಭರೋಸಾ ಇಡಲೇನ್ರೀ?"

"ಇಡ್ರಿ," ಎಂದೆ. ಎಷ್ಟು ಸಲೀಸಾಗಿ ಎಂದೆ ಎಂಬುದು ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾನು ಬೇಜವಾಬ್ದಾರಿಯಿಂದ ಹೇಳಿರಲಿಲ್ಲ, ಅದನ್ನೂ ಬರೆಯಬೇಕು. ಪರೀಕ್ಷೆಗೆ ಎರಡು ವಾರ ಮೊದಲು ಪರೀಕ್ಷೆ ನಡೆಯಲಿದ್ದ ನಗರದ ಕಾಲೇಜಿನ ಲ್ಯಾಬಿಗೆ ಹೋಗಿ, ಅಲ್ಲಿನ ಇನ್‌ಚಾರ್ಜ್ ಅವರನ್ನು ಕೇಳಿ, ಮೂರು ಮಷಿನ್ನು ಹಚ್ಚಿ ನೋಡಿ ಬಂದಿದ್ದೆ. ಮೂರರಲ್ಲೂ ಬಾಗಿಲು ಎಡಗಡೆ ಮೂಲೆಯಲ್ಲೇ ಇತ್ತು. ಕೆಳಗಿನಿಂದ ಐದನೆಯದು ನಕಲೇ ಆಗಿತ್ತು. ಬಂದು ಆಪಾಗೆ ಹೇಳಿದೆ. ಅವರು ಅಂದು ಮನೆಗೆ ಹೋಗುವಾಗ ಮೊದಲ ಸಲ ನಕ್ಕಿದ್ದರು.

ಪರೀಕ್ಷೆಯ ದಿನ ಅವರು ಬೆಳಗಿನ ಮೊದಲ ಬಸ್ಸಿಗೇ ಬಂದರು. ಕೈಚೀಲದಲ್ಲಿ ನನಗೆಂದು ಕೆಂಬಾಳೆ ಹಣ್ಣು ತಂದಿದ್ದರು. ಹಾಲ್‌ಟಿಕೆಟ್ಟು ಪ್ಲಾಸ್ಟಿಕ್ ಕವರಿನಲ್ಲಿ, ಅದರ ಮೇಲೆ ರಬ್ಬರ್ ಬ್ಯಾಂಡು. ನೋಟ್‌ಬುಕ್ಕು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ನಾನು ಕಾಲೇಜಿನ ಬೇವಿನ ಮರದ ಕಟ್ಟೆಯ ಮೇಲೆ ಕೂತು, ಈಗ ಬಾಗಿಲು ಒತ್ತಿರುತ್ತಾರೆ, ಈಗ ಮೂರನೆಯದು, ಈಗ ಪತ್ರ ಶುರುವಾಗಿರುತ್ತದೆ ಎಂದು ಗಡಿಯಾರ ನೋಡುತ್ತಾ ಲೆಕ್ಕ ಹಾಕಿದೆ.

ಗಂಟೆ ಮುಗಿದ ಮೇಲೆ ಆಪಾ ಎಲ್ಲರಿಗಿಂತ ಕೊನೆಗೆ ಬಂದರು. ಕಟ್ಟೆಯ ಹತ್ತಿರ ಬಂದು ನಿಂತರು, ಕೂರಲಿಲ್ಲ.

"ಬಾಗಲಾ ಇರ್ಲಿಲ್ರೀ," ಎಂದರು.

ನನಗೆ ಅರ್ಥವಾಗಲಿಲ್ಲ.

"ಮೂಲ್ಯಾಗ ಒತ್ತಿದೆ. ಹವಾಮಾನ ಬಂತು. ಕಲಬುರಗಿ ಬಿಸಲು, ಮೋಡ, ಯಾರ‍್ಯಾರದೋ ಫೋಟೊ, ಸುದ್ದಿ. ಮುಚ್ಚಿದೆ. ಮತ್ತ ಒತ್ತಿದೆ. ಮತ್ತ ಅದೇ ಹವಾಮಾನ. ಐದು ಸಲ ಒತ್ತೀನ್ರೀ ಮೇಡಂ."

ಪಕ್ಕದಲ್ಲಿ ಕೂತವರು ನಡುವೆ ಇದೆ ಎಂದು ಕಣ್ಸನ್ನೆ ಮಾಡಿದ್ದರಂತೆ. ಹೊಸ್ತಿಲಿನ ನಟ್ಟನಡುವೆ ನಾಲ್ಕು ನೀಲಿ ಚೌಕ. ಅದನ್ನು ಒತ್ತಿ ಒಳಗೆ ಹೋದರೆ ಮೇಲಿನಿಂದ ಮೂರನೆಯದು ಎಂಬುದೇ ಇಲ್ಲ, ಚಿತ್ರಗಳನ್ನು ಸಾಲಾಗಿ ಹರವಿ ಇಟ್ಟಿದ್ದಾರೆ. ಹೇಗೋ ಹುಡುಕಿ ಪತ್ರ ತೆರೆದರು. ಆಮೇಲೆ ಬಾಗಿಲಿಗೆ ವಾಪಸ್ ಬಂದರೆ ಅದು ಇದ್ದಲ್ಲಿ ಇಲ್ಲ. ಅಲ್ಲಿನ ಮಷಿನ್ನುಗಳಿಗೆ ಹಾಕಿದ್ದ ಹೊಸ ಆಪರೇಟಿಂಗ್ ವ್ಯವಸ್ಥೆಯಲ್ಲಿ ಒಂದೊಂದು ಪ್ರೋಗ್ರಾಮ್ ತೆರೆದಂತೆ ಅದರ ಚಿಹ್ನೆ ನಡುವೆ ಬಂದು ಸೇರಿ, ಬಾಗಿಲು ಒಂದಿಷ್ಟು ಎಡಕ್ಕೆ ಸರಿಯುತ್ತದೆ. ಇದು ನನಗೆ ಆಮೇಲೆ ತಿಳಿದದ್ದು. ಆಪಾ ಹೇಳಿದ್ದು ಇಷ್ಟೇ, "ಬಾಗಲಾ ನಡೀತದ್ರೀ ಅದು."

"ಪತ್ರ ಬರದ್ರೇನು?"

"ಬರದೆ. ಪೂರಾ ಬರದೆ. ಡಬ್ಬ್ಯಾಗ ಇಟ್ಟೆ. ಆಮ್ಯಾಲ ಅದು ಕಾಣ್ಲೇ ಇಲ್ಲ."

"ಯಾವ ಡಬ್ಬಿ?"

ಬಲಗುಂಡಿ ಒತ್ತಿದಾಗ ಹಳೆಯ ಪಟ್ಟಿ ಬಂದಿರಲಿಲ್ಲ. ಚಿಕ್ಕ ಪಟ್ಟಿ, ಅದರ ಒಂದು ಅಂಚಿನಲ್ಲಿ ಹೆಸರಿಲ್ಲದ ಪುಟ್ಟ ಪುಟ್ಟ ಚಿತ್ರಗಳ ಸಾಲು. ಎಣಿಸಿದರೆ ಏನೂ ತಾಳೆಯಾಗುವುದಿಲ್ಲ. ಚಿತ್ರ ನೋಡಿದರು. ಕತ್ತರಿ ಇತ್ತು, ಬೇಡ. ಕೊನೆಯಲ್ಲಿ ಮುಚ್ಚಳ ಇರುವ ಒಂದು ಡಬ್ಬಿ ಇತ್ತು. ಪತ್ರವನ್ನು ಡಬ್ಬಿಯಲ್ಲಿ ಇಡಬೇಕೆಂದು ನಾನೇ ಕಲಿಸಿದ್ದೆನಲ್ಲ. ಒತ್ತಿದರು. ಅದು ಕಸದ ಡಬ್ಬಿ. ಅಷ್ಟು ಹೊತ್ತಿನ ಕೆಲಸ ಹೋಗಿ ಕಸದಲ್ಲಿ ಬಿತ್ತು. ಕಸದಿಂದ ಎತ್ತುವುದು ಹೇಗೆಂದು ನಾನು ಕಲಿಸಿರಲಿಲ್ಲ, ಅದರ ಅಗತ್ಯ ಬರುವುದಿಲ್ಲ ಎಂದುಕೊಂಡಿದ್ದೆ. ಮೇಲ್ವಿಚಾರಕರನ್ನು ಕೇಳಿದರೆ, ನಾವು ಹೇಳುವ ಹಾಗಿಲ್ಲ ಎಂದರಂತೆ.

ಆಪಾ ನನ್ನ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡರು.

"ನೀವು ನೋಡಿ ಬಂದೀನಿ ಅಂದಿದ್ರಿ. ಎಲ್ಲಿಗೂ ಹೋಗಂಗಿಲ್ಲ ಅಂದಿದ್ರಿ." ದನಿ ಏರಿಸಲಿಲ್ಲ. "ನಂಗ ಬರಂಗಿಲ್ಲ ಅಂತ ನಂಗ ಗೊತ್ತಿತ್ರೀ. ನಿಮ್ಮ ಮಾತಿನ ಮ್ಯಾಲ ಒಳಗ ಹೋಗಿದ್ದೆ."

ಆಟೊ ಹತ್ತಿ ಹೋದರು. ಬಾಳೆಹಣ್ಣಿನ ಚೀಲ ಕಟ್ಟೆಯ ಮೇಲೆ ಉಳಿಯಿತು.

ನಾನು ಸೀದಾ ಲ್ಯಾಬಿಗೆ ನುಗ್ಗಿದೆ. ನುಗ್ಗಿದೆ ಎಂಬುದೇ ಸರಿಯಾದ ಮಾತು. ಇನ್‌ಚಾರ್ಜ್ ಊಟದ ಡಬ್ಬಿ ಬಿಚ್ಚುತ್ತಿದ್ದರು.

"ಎರಡು ವಾರದ ಹಿಂದ ನಾ ಬಂದು ನೋಡಿ ಹೋಗೀನಲ್ರೀ ಸರ. ಆಗ ಹಳೇ ಸಿಸ್ಟಂ ಇತ್ತು."

"ಹೌದ್ರಿ, ಇತ್ತು. ಹಳೇದಕ್ಕ ಇನ್ನ ಮುಂದ ಸುರಕ್ಷತಾ ಅಪ್‌ಡೇಟ್ ಬರಂಗಿಲ್ಲ, ಹೊಸಾದು ಹಾಕ್ರಿ ಅಂತ ಮ್ಯಾಲಿಂದ ಪತ್ರ ಬಂತು. ಹೋದ ವಾರ ಹಾಕೀವಿ."

"ಪರೀಕ್ಷಾ ಬರಿಯೋರಿಗೆ ಹೇಳಬೇಕಾಗಿತ್ತಲ್ರೀ."

"ಪಠ್ಯಕ್ರಮ ಅದೇ ಅದಲ್ರೀ ಮೇಡಂ. ಫೈಲ್ ಮಾಡೂದು, ಸೇವ್ ಮಾಡೂದು. ಅದರಾಗ ಏನ್ ಬದಲಾಗ್ಯದ?"

ಅವರ ಮೇಲೆ ಕೂಗಾಡಬೇಕೆಂದು ಹೋಗಿದ್ದೆ. ಆದರೆ ಅವರು ಹೇಳಿದ್ದು ತಪ್ಪಲ್ಲ. ಓದಬಲ್ಲವರಿಗೆ ಏನೂ ಬದಲಾಗಿರಲಿಲ್ಲ. ಈ ವ್ಯವಸ್ಥೆ ತಯಾರಿಸುವವರು ಎಲ್ಲೋ ಕೂತು ಬಾಗಿಲು ನಡುವೆ ಇದ್ದರೆ ಚಂದ, ಪದಗಳ ಬದಲು ಚಿತ್ರ ಇದ್ದರೆ ಅಚ್ಚುಕಟ್ಟು ಎಂದು ತೀರ್ಮಾನಿಸಿದ್ದರು. ಜಾಗದ ಮೇಲೇ ನಂಬಿಕೆ ಇಟ್ಟು ಬದುಕುವವರೂ ಇದ್ದಾರೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಆ ದಿನ ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ. ಇಷ್ಟು ವರ್ಷ ಅವರ ಬಾಗಿಲಿಗೆ ನಾನು ಪುಕ್ಕಟೆ ಜಾಮೀನು ನಿಂತಿದ್ದೆ, ಅವರು ನನ್ನನ್ನು ಒಂದು ಮಾತೂ ಕೇಳದೆ ಕಿತ್ತು ಬೇರೆ ಕಡೆ ಇಟ್ಟಿದ್ದರು. ನನಗೆ ಮೋಸವಾಗಿತ್ತು. ಆದರೆ ಕಮಲಾಪುರದ ಬಸ್ಸಿನಲ್ಲಿ ಕೂತಿದ್ದ ಹೆಣ್ಣುಮಗಳ ಪಾಲಿಗೆ ಮೋಸ ಮಾಡಿದವಳು ನಾನು.

ಕೊನೆಯ ಅವಕಾಶಕ್ಕೆ ಏಳು ವಾರ ಇತ್ತು.

ನನ್ನ ಕ್ಲಾಸಿನ ಆರು ಮಷಿನ್ನುಗಳಿಗೆ ಹೊಸ ವ್ಯವಸ್ಥೆ ಹಾಕಲು ಹೋದೆ. ಪರೀಕ್ಷಿಸಿ ನೋಡುವ ಪ್ರೋಗ್ರಾಮು ಆರಕ್ಕೂ ಒಂದೇ ಉತ್ತರ ಕೊಟ್ಟಿತು: ಈ ಕಂಪ್ಯೂಟರ್ ಅರ್ಹವಲ್ಲ. ಒಳಗಿರಬೇಕಾದ ಯಾವುದೋ ಭದ್ರತಾ ಚಿಪ್ಪು ಇಲ್ಲವಂತೆ. ನನ್ನ ಸ್ವಂತ ಲ್ಯಾಪ್‌ಟಾಪ್ ಹೊಸದು, ಅದಕ್ಕೆ ಹಾಕಿದೆ. ಹಾಕಿಕೊಂಡು ಕೂತಾಗ ನನಗೂ ಕೈ ತಪ್ಪಿತು. ಧ್ವನಿ ಕಡಿಮೆ ಮಾಡಲು ಹೋಗಿ ವೈಫೈ ಆರಿಸಿದೆ. ಹೊಸ್ತಿಲನ್ನು ಹಿಡಿದು ಪಕ್ಕಕ್ಕೆ ಎಳೆದರೆ ಅದು ಮೊದಲಿನ ಹಾಗೆ ಬರಲಿಲ್ಲ. ಫೈಲಿನ ಮೇಲೆ ಬಲಗುಂಡಿ ಒತ್ತಿದರೆ ಚಿತ್ರಗಳ ಸಾಲು ಒಮ್ಮೆ ಮೇಲೆ, ಫೈಲು ಪರದೆಯ ಕೆಳಗಡೆ ಇದ್ದರೆ ಒಮ್ಮೆ ಕೆಳಗೆ. ಇಷ್ಟು ವರ್ಷ ಕಲಿಸಿದವಳು ಹೊಸಬಳ ಹಾಗೆ ತಡವರಿಸಿದೆ.

ಆಮೇಲೆ ನಾನು ಮಾಡಿದ್ದು ಬುದ್ಧಿವಂತಿಕೆ ಎಂದೇ ಅಂದುಕೊಂಡಿದ್ದೆ. ಸೆಟ್ಟಿಂಗ್ಸಿನ ಒಳಗೆ ಹೊಸ್ತಿಲಿನ ಚಿಹ್ನೆಗಳನ್ನು ಎಡಕ್ಕೆ ಸರಿಸುವ ಒಂದು ಆಯ್ಕೆ ಇದೆ. ಸರಿಸಿದೆ. ಬಾಗಿಲು ಮೂಲೆಗೆ ಬಂತು. ರಿಜಿಸ್ಟ್ರಿ ಎಂಬ ಒಳಗಿನ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಬಲಗುಂಡಿಯ ಹಳೆಯ ಪಟ್ಟಿಯೂ ವಾಪಸ್ ಬರುತ್ತದೆ. ಸೇರಿಸಿದೆ. ಕೆಳಗಿನಿಂದ ಐದನೆಯದು ಮತ್ತೆ ನಕಲು. ಆಪಾ ಕ್ಲಾಸಿಗೆ ಬರುವುದನ್ನು ಬಿಟ್ಟಿದ್ದರು, ಫೋನ್ ಎತ್ತುತ್ತಿರಲಿಲ್ಲ. ನಾನೇ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು, ಅವರ ಕಚೇರಿ ಬಿಡುವ ಹೊತ್ತಿಗೆ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ.

ಮನೆಗೆ ಹೋದಾಗ ಚಹಾ ಮುಂದಿಟ್ಟು ದೂರ ಕೂತರು. ಲ್ಯಾಪ್‌ಟಾಪ್ ತೆರೆದು ಮುಂದಿಟ್ಟೆ. ನೋಡಿದರು. ಎಡಗಡೆ ಮೂಲೆಯಲ್ಲಿ ಬಾಗಿಲು. ಕೈ ತಾನಾಗಿ ಮುಂದೆ ಬಂತು. ವಾರಕ್ಕೆ ಮೂರು ಸಂಜೆಯಂತೆ ಎರಡು ವಾರ ಹೋದೆ. ಗೆಣ್ಣೆಣಿಕೆ ಮತ್ತೆ ಶುರುವಾಯಿತು, ಆಪಾ ಅವರ ಮುಖದಲ್ಲಿ ಗೆಲುವು ಬಂತು, ನನ್ನ ಎದೆಯ ಮೇಲಿನ ಭಾರವೂ ಇಳಿಯಿತು.

ಎರಡನೇ ವಾರದ ಕೊನೆಯ ಸಂಜೆ, ಪತ್ರ ನಕಲು ಮಾಡುತ್ತಾ ತಲೆ ಎತ್ತದೆ ಕೇಳಿದರು, "ಪರೀಕ್ಷಾದಾಗೂ ಹಿಂಗ ಎಡಕ್ಕ ಸರಸಿ ಇಟ್ಟಿರ್ತಾರಲ್ರೀ?"

"ಕೇಳ್ತೀನಿ ಆಪಾ," ಎಂದೆ.

ಕೇಳುವ ಅಗತ್ಯವೇ ಇರಲಿಲ್ಲ. ಉತ್ತರ ನನಗೆ ಗೊತ್ತಿತ್ತು, ಎರಡು ವಾರದಿಂದ ಗೊತ್ತಿತ್ತು. ಆದರೂ ಅವರ ಮನೆಯಿಂದ ಹೊರಗೆ ಬಂದು ಲ್ಯಾಬಿನ ಇನ್‌ಚಾರ್ಜ್‌ಗೆ ಫೋನ್ ಮಾಡಿದೆ. "ಸೆಟ್ಟಿಂಗ್ ಲಾಕ್ ಇರ್ತದ್ರೀ ಮೇಡಂ. ಒಬ್ಬರಿಗೆ ಸರಸಿದ್ರ ಎಲ್ಲಾರೂ ಸರಸ್ರಿ ಅಂತಾರ," ಎಂದರು.

ವಾಪಸ್ ಬರುವ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಮೊದಲ ಸಲ ಮೋಸವಾದದ್ದು ನನಗೂ ತಿಳಿಯದೆ. ಈ ಸಲ ನಾನು ತಿಳಿದೇ ಮಾಡುತ್ತಿದ್ದೆ. ಆಪಾ ನಗಲಿ ಎಂಬ ಆಸೆಗೆ, ನನ್ನ ಮಾತು ಸುಳ್ಳಾಗಿಲ್ಲ ಎಂದು ತೋರಿಸುವ ಹಟಕ್ಕೆ, ಇಲ್ಲದ ಬಾಗಿಲನ್ನು ಕೈಯಾರೆ ಕೂರಿಸಿ ಎರಡು ವಾರ ಹಾಳುಮಾಡಿದ್ದೆ. ಕಲಬುರಗಿ ಬಸ್ ಸ್ಟ್ಯಾಂಡ್ ಬರುವುದರೊಳಗೆ ಸರಿಸಿದ್ದನ್ನೆಲ್ಲ ಇದ್ದಲ್ಲಿಗೆ ಇಟ್ಟು, ರಿಜಿಸ್ಟ್ರಿಯ ಸಾಲನ್ನು ಅಳಿಸಿಬಿಟ್ಟೆ.

ಮರುದಿನವೇ ಮತ್ತೆ ಹೋದೆ. ಲ್ಯಾಪ್‌ಟಾಪ್ ತೆರೆದೆ. ಆಪಾ ಅವರ ಕೈ ಮೂಲೆಗೆ ಹೋಯಿತು, ಹವಾಮಾನ ಬಂತು. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ನಾನೇ ಸರಸಿದ್ದೆ ಆಪಾ. ಅಲ್ಲಿ ಹಿಂಗೇ ಇರ್ತದ. ನಿನ್ನೆ ಕೇಳ್ತೀನಿ ಅಂದಾಗನೂ ನಂಗ ಗೊತ್ತಿತ್ತು."

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

"ಎರಡು ಸಲ ಆತ್ರೀ ಮೇಡಂ," ಎಂದರು.

"ಹೌದು."

"ನಾ ಏನ್ ಸಣ್ಣ ಕೂಸೇನ್ರೀ? ಬಾಗಲಾ ಸರದದ ಅಂತ ಹೇಳಿದ್ರ ಸಾಯ್ತಿದ್ದೆನೇನು?"

ಇಂಗ್ಲಿಷ್ ಬರುವುದಿಲ್ಲ ಎಂದ ಮಾತ್ರಕ್ಕೆ ಅವರನ್ನು ಓದಲಾರದವರೆಂದು ನಾನೇ ತೀರ್ಮಾನಿಸಿದ್ದೆ. ಬಲದಿಂದ ಎಡಕ್ಕೂ ಎಡದಿಂದ ಬಲಕ್ಕೂ ಎರಡು ಲಿಪಿ ಓದುವ ಹೆಂಗಸು. ಅವರನ್ನು ಒಮ್ಮೆಯೂ ಕೇಳಿರಲಿಲ್ಲ.

ಉಳಿದದ್ದು ನಾಲ್ಕೂವರೆ ವಾರ. ಅಂದೇ ಹೊಸದಾಗಿ ಶುರುಮಾಡಿದೆವು. ಮನೆ, ಹೊಸ್ತಿಲು, ಡಬ್ಬಿ ಎಲ್ಲ ಬಿಟ್ಟೆವು. ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿದರೆ ಹನ್ನೊಂದೇ ಇದ್ದವು: ನ್ಯೂ, ಫೋಲ್ಡರ್, ಓಪನ್, ಸೇವ್, ಕಾಪಿ, ಪೇಸ್ಟ್, ರಿನೇಮ್, ಡಿಲೀಟ್, ರಿಸ್ಟೋರ್, ಪ್ರಿಂಟ್, ಕ್ಲೋಸ್. ಐದು ತಿಂಗಳು ಗೆಣ್ಣೆಣಿಸಿದ ಜಾಗದಲ್ಲಿ ಹನ್ನೊಂದು ಪದ. ಹೆಸರಿಲ್ಲದ ಚಿತ್ರದ ಮೇಲೆ ಮೌಸಿನ ಬಾಣವನ್ನು ಒತ್ತದೆ ಸುಮ್ಮನೆ ನಿಲ್ಲಿಸಿದರೆ, ಒಂದು ಉಸಿರಿನಷ್ಟು ಹೊತ್ತಿನಲ್ಲಿ ಅದರ ಹೆಸರು ಮೂಡುತ್ತದೆ. ನಿಲ್ಲಿಸು, ಓದು, ಆಮೇಲೆ ಒತ್ತು. ಬಾಗಿಲಿಗೆ ಕೀಲಿಮಣೆಯಲ್ಲೇ ಒಂದು ಗುಂಡಿ ಇದೆ. ಪರದೆಯ ಮೇಲೆ ಬಾಗಿಲು ಎಲ್ಲಿಯಾದರೂ ತಿರುಗಾಡಲಿ, ಆ ಗುಂಡಿ ಒತ್ತಿ ಪ್ರೋಗ್ರಾಮಿನ ಮೊದಲ ಮೂರು ಅಕ್ಷರ ಹೊಡೆದರೆ ಅದು ಬಂದು ನಿಲ್ಲುತ್ತದೆ.

ಆ ಗುಂಡಿ ತೋರಿಸಿದಾಗ ಆಪಾ ಕೈ ಇಡಲಿಲ್ಲ. ನನ್ನ ಮುಖ ನೋಡಿದರು.

"ಇದು ಇಲ್ಲೇ ಇರ್ತದೇನ್ರೀ?"

"ಗೊತ್ತಿಲ್ಲ ಆಪಾ."

ತಲೆ ಅಲ್ಲಾಡಿಸಿ ಗುಂಡಿ ಒತ್ತಿದರು.

ಈ ಹೊಸ ಪಾಠದ ಮೂರನೇ ವಾರದಿಂದ ನಾನು ಇನ್ನೊಂದು ಕೆಲಸ ಮಾಡಿದೆ. ಬಸ್ಸಿನಲ್ಲೇ ಲ್ಯಾಪ್‌ಟಾಪಿನ ಪರದೆ ಕೆಡಿಸಿಕೊಂಡು ಹೋಗುತ್ತಿದ್ದೆ. ಒಂದು ದಿನ ಅಕ್ಷರ ದೊಡ್ಡದು, ಒಂದು ದಿನ ಎಲ್ಲ ಕಪ್ಪು ಬಣ್ಣ, ಒಂದು ದಿನ ಬಾಗಿಲು ಎಡಕ್ಕೆ, ಇನ್ನೊಂದು ದಿನ ಫೈಲುಗಳೆಲ್ಲ ಅಡ್ಡಾದಿಡ್ಡಿ. "ಇವತ್ತ ಏನ್ ಮಾಡಿಕೊಂಡ ಬಂದೀರಿ?" ಎಂದು ಮನೆಯ ಬಾಗಿಲಲ್ಲೇ ಕೇಳುತ್ತಿದ್ದರು. ಬೇಕೆಂದೇ ಕಸದ ಡಬ್ಬಿಗೆ ಹಾಕಿಸಿ, ವಾಪಸ್ ತೆಗೆಸಿದೆ. ಮೊದಮೊದಲು ಇಪ್ಪತ್ತು ನಿಮಿಷ ಹಿಡಿದದ್ದು ಆರು ನಿಮಿಷಕ್ಕೆ ಇಳಿಯಿತು. ಎಡಗೈ ಬೆರಳುಗಳು ಹಳೇ ಚಾಳಿಗೆ ಮಡಿಚಿಕೊಳ್ಳುತ್ತಿದ್ದವು. ಅವರು ಅದನ್ನು ಗಮನಿಸಿ ಕೈಯನ್ನು ಸೆರಗಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಕೆಲಸದ ಮಾತು ಬಿಟ್ಟರೆ ಬೇರೆ ಮಾತು ನಮ್ಮ ನಡುವೆ ಆಗ ಇರಲಿಲ್ಲ. ನಾನು ಏನು ಹೇಳಿದರೂ, ಒಮ್ಮೆ ತಾವೇ ಮಾಡಿ ನೋಡಿ ಮುಂದಿನದಕ್ಕೆ ಹೋಗುತ್ತಿದ್ದರು.

ಕೊನೆಯ ಪರೀಕ್ಷೆಯ ದಿನ ಅದೇ ಬೇವಿನ ಕಟ್ಟೆಯ ಮೇಲೆ ಕೂತೆ. ಈ ಸಲ ಗಡಿಯಾರ ನೋಡಿ ಲೆಕ್ಕ ಹಾಕಲಿಲ್ಲ. ಒಳಗೆ ಏನು ನಡೆಯುತ್ತಿದೆ ಎಂದು ಊಹಿಸುವ ಅಧಿಕಾರ ನನಗೆ ಇದೆ ಎನಿಸಲಿಲ್ಲ.

ಆಪಾ ಹತ್ತು ನಿಮಿಷ ಮೊದಲೇ ಹೊರಗೆ ಬಂದರು. ಬಂದು ಕಟ್ಟೆಯ ಮೇಲೆ ಕೂತು ಬಾಟಲಿಯ ನೀರು ಕುಡಿದರು.

"ಮತ್ತ ಬದಲ ಮಾಡ್ಯಾರ್ರೀ."

"ಏನಾತು?"

"ಚಿತ್ರದ ಕೆಳಗ ಹೆಸರು ಬರದಾರ ಈಗ. ಬಾಣಾ ನಿಂದರಸೂದು ಬ್ಯಾಡ. ಓದಿದೆ, ಒತ್ತಿದೆ."

ಆಮೇಲೆ ನೋಡಿದರೆ ನಿಜ. ಇನ್ನೊಂದು ಅಪ್‌ಡೇಟ್ ಬಂದಿತ್ತು, ಹೆಸರಿಲ್ಲದ ಚಿತ್ರಗಳಿಗೆ ಹೆಸರು ಬಂದಿದ್ದವು. ಆ ಹೆಸರುಗಳನ್ನು ಕೆಲವು ತಿಂಗಳು ಮೊದಲೇ ಇಟ್ಟಿದ್ದರೆ ಆಪಾ ಅವರ ಒಂದು ಅವಕಾಶ ಉಳಿಯುತ್ತಿತ್ತು. ಇಟ್ಟಿದ್ದರೂ ಅವರು ಓದುತ್ತಿರಲಿಲ್ಲ, ಗೆಣ್ಣೆಣಿಸುತ್ತಿದ್ದರು ಎಂಬುದು ಆ ಕ್ಷಣವೇ ನೆನಪಾಯಿತು. ಆ ಸಿಟ್ಟನ್ನೂ ಪೂರ್ತಿ ಬೇರೆಯವರ ಮೇಲೆ ಹಾಕಲು ಆಗಲಿಲ್ಲ.

ಫಲಿತಾಂಶ ಬಂದದ್ದು ಒಂದು ತಿಂಗಳ ಮೇಲೆ. ಪಾಸಾಗಿದ್ದರು. ಫೋನ್ ಮಾಡದೆ ಭಾನುವಾರ ಬೆಳಿಗ್ಗೆ ಕ್ಲಾಸಿಗೆ ಬಂದರು. ಕೆಂಬಾಳೆಯ ಚೀಲ ಮೇಜಿನ ಮೇಲೆ ಇಟ್ಟರು. ಕಿಟಕಿ ಪಕ್ಕದ ಹಳೆಯ ಮಷಿನ್ನಿನಲ್ಲಿ ಹೊಸ ವಿದ್ಯಾರ್ಥಿನಿಯೊಬ್ಬಳು ಕೂತಿದ್ದಳು, ಪರದೆಯ ಎಡಗಡೆ ಮೂಲೆಯಲ್ಲಿ ಬಾಗಿಲು ಇತ್ತು. ಆಪಾ ಅದನ್ನೇ ಸ್ವಲ್ಪ ಹೊತ್ತು ನೋಡಿದರು.

"ನಿಮ್ಮ ಉಪಕಾರ ಮರ‍್ಯಂಗಿಲ್ಲ ಮೇಡಂ," ಎಂದರು. "ಆದ್ರ ಖರೇ ಹೇಳಬೇಕಂದ್ರ, ಈ ಸಲ ನಿಮ್ಮ ಮ್ಯಾಲ ಭರೋಸಾ ಇಟ್ಟು ಒಳಗ ಹೋಗಿರ್ಲಿಲ್ಲ."

"ಗೊತ್ತು ಆಪಾ. ಅದಕ್ಕೇ ಪಾಸಾದ್ರಿ."

ಅವರು ನಗಲಿಲ್ಲ. ಚೀಲದಿಂದ ಆ ನೋಟ್‌ಬುಕ್ಕು ತೆಗೆದರು. ಮೊದಲ ಹಾಳೆಯ ನಕ್ಷೆ ಹಾಗೇ ಇತ್ತು, ಸ್ಕೇಲಿನ ಗೆರೆ, ಉರ್ದು ಅಕ್ಷರ, ಮೂಲೆಯಲ್ಲಿ ಹಸಿರು ಬಾಗಿಲು. ಅದನ್ನು ಮುಚ್ಚಿ ನನ್ನ ಕೈಯಲ್ಲಿ ಇಟ್ಟರು.

"ಇದು ನಿಮ್ಮ ಮನಿ ರೀ. ನೀವ ಇಟ್ಕೋರಿ. ನಂಗ ಬ್ಯಾಡ."